ಮನೆಮಂದಿಗೆಲ್ಲ ಹಳೇ ಜರ್ಮನ್ ಮೂಕಿ ಕಾಮಿಡಿ ತೋರ್ಸೋದ್ ಹೇಗೆ

ಮೂಕಿ ಸಿನಿಮಾ ಅಂದ್ರೆ ಬೋರು ಅಂತ ಎದ್ದು ಹೋಗೋರೇ ಜಾಸ್ತಿ, ಆದ್ರೆ ಸರಿಯಾಗಿ ತೋರ್ಸಿದ್ರೆ ಅಜ್ಜಿಯಿಂದ ಹಿಡ್ದು ಮಕ್ಕಳವರೆಗೂ ಬಿದ್ದು ಬಿದ್ದು ನಗ್ತಾರೆ. ಶುರುಗೆ 1919ರ ‘ದಿ ಆಯ್ಸ್ಟರ್ ಪ್ರಿನ್ಸೆಸ್’ ಹಾಕಿ. ಡೈರೆಕ್ಟರ್ ಅರ್ನ್ಸ್ಟ್ ಲುಬಿಚ್, ಬರ್ಲಿನ್ನೋರು, ಆಮೇಲೆ ಹಾಲಿವುಡ್‌ಗೆ ಹೋಗಿ ದೊಡ್ಡ ಹೆಸ್ರು ಮಾಡಿದ್ರಲ್ಲ ಅವ್ರೇ. ಒಂದು ಗಂಟೆ ಆಸುಪಾಸು ಅಷ್ಟೇ.

ಮೊದ್ಲು ಕಾಪಿ ನೋಡ್ಕೊಳ್ಳಿ. ಆಗೆಲ್ಲ ಕ್ಯಾಮರಾನ ಕೈಯಲ್ಲೇ ತಿರುಗಿಸ್ತಿದ್ರು, ಸೆಕೆಂಡಿಗೆ 24 ಫ್ರೇಮ್‌ಗಿಂತ (ಫ್ರೇಮ್ ಅಂದ್ರೆ ಒಂದೊಂದು ಬಿಡಿ ಚಿತ್ರ) ಹೆಚ್ಚಾಗಿ ಕಮ್ಮಿನೇ ಇರ್ತಿತ್ತು, ಅದನ್ನ 24ರಲ್ಲಿ ಓಡಿಸಿದ್ರೆ ಎಲ್ರೂ ಕಾಲಿಗೆ ಬೆಂಕಿ ಬಿದ್ದೋರ್ ತರ ಓಡ್ತಾರೆ, ನಟನೆನೇ ಕಾಣ್ಸಲ್ಲ. ನಡಿಗೆ ಸಹಜವಾಗಿರೋ ಕಾಪಿನೇ ಬೇಕು.

ಮಧ್ಯ ಮಧ್ಯ ಬರೋ ಮಾತಿನ ಕಾರ್ಡೆಲ್ಲ ಜರ್ಮನ್ನು, ಇಂಗ್ಲಿಷ್ ಸಬ್‌ಟೈಟಲ್ ಅಜ್ಜಿಗೆ ಆಗ್ಬರಲ್ಲ. ಹಿಂದಿನ ದಿನನೇ ನಿಲ್ಸಿ ನಿಲ್ಸಿ ನೋಡಿ ನಮ್ಮ ಮಂಡ್ಯ ಮಾತಲ್ಲೇ ಬರ್ಕೊಂಡು, ಊರಬ್ಬದಲ್ಲಿ ಪೌರಾಣಿಕ ನಾಟಕ ಆಡೋ ಮಾವ ಯಾರಾದ್ರೂ ಇದ್ರೆ ಅವ್ರ ಕೈಗೆ ಕೊಡಿ. ಸಿಂಪಿ ವ್ಯಾಪಾರದ ಶ್ರೀಮಂತನ ಮಗಳು ಓಸಿ, ಶೂ ಪಾಲಿಷ್ ಸಾಹುಕಾರನ ಮಗಳಿಗೆ ದೊಡ್ಡ ಮನೆತನದ ಗಂಡ ಸಿಕ್ಬಿಟ್ಟ ಅಂತ ಕೋಪಕ್ಕೆ ಪೇಪರ್ ಎಸೀತಿರ್ತಾಳೆ, ಯಾಕವ್ವ ಪೇಪರ್ ಎಸೀತಿದ್ದೀಯ ಅಂತ ಅಪ್ಪ ಕೇಳಿದ್ರೆ ‘ಹೂದಾನಿ ಎಲ್ಲಾ ಒಡ್ದಾಯ್ತಲ್ಲ’ ಅಂತಾಳೆ. ಕಾರ್ಡ್ ಬಂದ ತಕ್ಷಣ ಇದನ್ನ ಗಟ್ಟಿಯಾಗಿ ಓದ್ಬೇಕು, ಲೇಟಾದ್ರೆ ನಗು ಹೋಯ್ತು.

ಓದೋದು ಕಾರ್ಡ್ ಮಾತ್ರ, ಚಿತ್ರಕ್ಕೆ ಕಾಮೆಂಟ್ರಿ ಬೇಡವೇ ಬೇಡ. ಓಸಿಗೆ ಗೊತ್ತು ಮಾಡಿದ ರಾಜಕುಮಾರನ ಬದ್ಲು ಹುಡುಗಿ ನೋಡೋಕೆ ಬಂದ ಆಳು ಯೋಸೆಫ್‌ನ ಅಷ್ಟು ದೊಡ್ಡ ಹಾಲಲ್ಲಿ ಕಾಯಿಸ್ತಾರೆ, ಹೊತ್ತು ಹೋಗ್ದೆ ಅವ್ನು ನೆಲದ ಡಿಸೈನ್ ಮೇಲೆ ಹೆಜ್ಜೆ ಇಟ್ಕೊಂಡು ಸುತ್ತು ಹಾಕ್ತಾನೆ, ಹಾಕ್ತಾನೇ ಇರ್ತಾನೆ. ಒಂದ್ ಮಾತಿಲ್ಲ, ಕಾಯೋನ ಬೇಜಾರೆಲ್ಲ ಕಾಲಲ್ಲೇ ಗೊತ್ತಾಗುತ್ತೆ. ಆ ಸೀನಲ್ಲಿ ‘ನೋಡಿ ನೋಡಿ’ ಅಂತ ಬಾಯ್ ಹಾಕಿದ್ರೆ ಎಲ್ಲಾ ಕೆಡುತ್ತೆ.

ಸ್ಪೀಕರ್ ಚೆನ್ನಾಗಿರ್ಲಿ, ಮದ್ವೆ ಊಟದ ಮಧ್ಯೆ ಫಾಕ್ಸ್‌ಟ್ರಾಟ್ ಅನ್ನೋ ಜೋಡಿ ಡ್ಯಾನ್ಸಿನ ಹುಚ್ಚು ಹತ್ತಿ ಅತಿಥಿಗಳು, ಅಡುಗೆಯವ್ರು ಎಲ್ಲಾ ಕುಣಿಯೋಕ್ ಶುರು ಮಾಡ್ತಾರಲ್ಲ, ಅಲ್ಲಿ ಮ್ಯೂಸಿಕ್ ಕೇಳ್ಸದಿದ್ರೆ ಅರ್ಧ ಮಜಾ ಹೋಯ್ತು.

ಮೈಸೂರಲ್ಲಿ ಮಳೆ ಇಲ್ದಿರೋ ದಿನ ಟೆರೇಸೇ ಬೆಸ್ಟು, ಬಿಳಿ ಪಂಚೆನ ಪರದೆ ತರ ಸುಕ್ಕಿಲ್ದಂಗೆ ಬಿಗಿಯಾಗಿ ಕಟ್ಟಿ, ಪೂರ್ತಿ ಕತ್ತಲಾದ್ಮೇಲೆ ಸಿನಿಮಾ ಹಾಕಿ. ಮನೆಯೋರಿಗೆ ಹಿಡಿಸಿದ್ರೆ ಮುಂದಿನ ಸಲ ಓಸಿ ಪಾತ್ರ ಮಾಡಿರೋ ನಟಿ ಓಸಿ ಓಸ್ವಾಲ್ಡಾ ಅವ್ರದ್ದೇ 1918ರ ‘ಐ ಡೋಂಟ್ ವಾಂಟ್ ಟು ಬಿ ಎ ಮ್ಯಾನ್’ ಹಾಕಿ, ಅದ್ರಲ್ಲಿ ಗಂಡಸಿನ ಸೂಟ್ ಹಾಕ್ಕೊಂಡು ಡ್ಯಾನ್ಸ್ ಪಾರ್ಟಿಗೆ ಹೋಗ್ತಾರೆ, ಇದಕ್ಕಿಂತ ಚಿಕ್ಕದು ಬೇರೆ, ಮಕ್ಕಳು ನಿದ್ದೆ ಮಾಡೋಷ್ಟ್ರಲ್ಲಿ ಮುಗಿಯುತ್ತೆ.