ಎರಡನೇ ಸಲ ಕ್ಯಾಪ್ ಹಾಕಿಸುವ ಮುಂಚೆ

ನಮ್ಮದು ಪಾವಗಡದ ಕಡೆ. ಬಾಯಿ ಬಿಟ್ಟರೆ ಸಾಕು, ಯಾವ ಸೀಮೆಯವರು ಅಂತ ಗೊತ್ತಾಗಿಬಿಡುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದಂತೆ. ನಮ್ಮ ಬೋರ್‌ವೆಲ್ಲಿಗೆ ಆ ಲೆಕ್ಕ ಯಾರು ಹೇಳಬೇಕು? ಆ ನೀರು ಕುಡಿದೇ ಬೆಳೆದದ್ದಕ್ಕೆ, ಹಾಲುಹಲ್ಲು ಬಿದ್ದ ಮೇಲೆ ಬಂದ ಹಲ್ಲುಗಳು ಕಂದು ಪಟ್ಟೆ ಹೊತ್ತುಕೊಂಡೇ ಬಂದವು. ಫೋಟೋಗೆ ತುಟಿ ಬಿಗಿಹಿಡಿದೇ ನಗುತ್ತಿದ್ದೆ.

ಮದುವೆಗೆ ಮೂರು ವಾರ ಇರುವಾಗ 'ಕಾಸ್ಮೆಟಿಕ್ ಡೆಂಟಿಸ್ಟ್' ಅಂತ ಬೋರ್ಡ್ ನೋಡಿ ಒಂದು ಕ್ಲಿನಿಕ್ಕಿಗೆ ಹೋದೆ. ಎರಡೇ ಸಿಟ್ಟಿಂಗ್, ಮೇಲಿನ ನಾಲ್ಕು ಮುಂಬಲ್ಲು ಕೊರೆದು ಕ್ಯಾಪ್ ಹಾಕಿಬಿಟ್ಟರು. ಆಲ್ಬಮ್ಮಿನಲ್ಲಿ ಚೆನ್ನಾಗೇ ಇದ್ದೇನೆ. ವರ್ಷ ತಿರುಗುವಷ್ಟರಲ್ಲಿ ವಸಡಿನ ಅಂಚಿಗೆ ಕಾಡಿಗೆ ಎಳೆದ ಹಾಗೆ ಕಪ್ಪು ಗೆರೆ. ಕ್ಯಾಪಿನ ಒಳಗೆ ಲೋಹ, ಮೇಲೆ ಪಿಂಗಾಣಿ. ವಸಡು ಸರಿದ ಕಡೆ ಲೋಹ ಇಣುಕಿತ್ತು. ಉಜ್ಜಿದಾಗೆಲ್ಲ ರಕ್ತ. ಕೇಳಲು ಹೋದರೆ, 'ನೀವು ಸರಿಯಾಗಿ ಬ್ರಶ್ ಮಾಡ್ತಿಲ್ಲಮ್ಮ' ಅಂದರು.

ಈ ಸಲ ಬೋರ್ಡ್ ನಂಬಲಿಲ್ಲ. ನಮ್ಮ ದೇಶದಲ್ಲಿ ಹಲ್ಲಿನ ಡಾಕ್ಟ್ರುಗಳ ಸ್ನಾತಕೋತ್ತರ ಓದಾದ ಎಂ.ಡಿ.ಎಸ್.ನಲ್ಲಿ 'ಕಾಸ್ಮೆಟಿಕ್' ಅನ್ನುವ ವಿಭಾಗವೇ ಇಲ್ಲ ಅಂತ ಆಮೇಲೆ ತಿಳಿಯಿತು. ಕ್ಯಾಪ್, ಬ್ರಿಡ್ಜ್ ಕೆಲಸವನ್ನೇ ಓದಿದವರು ಪ್ರಾಸ್ಥೊಡಾಂಟಿಸ್ಟ್‌ಗಳು.

ಮೊದಲು ಹೋದದ್ದು ಡೆಂಟಲ್ ಕಾಲೇಜಿನ ಓಪಿಡಿಗೆ. ಅಲ್ಲಿ ಚಿಕಿತ್ಸೆ ಮಾಡಿಸುವ ಉದ್ದೇಶ ಇರಲಿಲ್ಲ. ನನಗೆ ಏನನ್ನೂ ಮಾರಬೇಕಾಗಿಲ್ಲದವರ ಮಾತು ಬೇಕಿತ್ತು. ಪಿ.ಜಿ. ಓದುತ್ತಿದ್ದ ಹುಡುಗಿ ಎಕ್ಸ್‌ರೇ ನೋಡಿ, ಎರಡು ಕ್ಯಾಪಿನ ನಡುವೆ, ಹಲ್ಲಿನ ಸಂದು ಶುಚಿಮಾಡುವ ಫ್ಲಾಸ್ ದಾರ ತೂರಿಸಿ ಎಳೆದಳು. ದಾರ ಎಳೆಎಳೆಯಾಗಿ ಬಿಚ್ಚಿಕೊಂಡು ಬಂತು. 'ಅಂಚು ಕೂತಿಲ್ಲ ಮೇಡಂ, ಅಲ್ಲಿ ಕೊಳೆ ನಿಲ್ಲುತ್ತೆ, ಅದಕ್ಕೇ ರಕ್ತ' ಅಂದಳು. ನನ್ನ ಬ್ರಶ್ಶಿನ ಮೇಲಿದ್ದ ಅಪವಾದ ಹೋಯಿತು! ಫ್ಲೋರೈಡಿನ ಕಂದು ಕಲೆಗಳನ್ನು ಎಷ್ಟೋ ಸಲ ಹಲ್ಲಿನ ಮೇಲ್ಪದರವಾದ ಎನಾಮೆಲ್ ತೆಳುವಾಗಿ ತಿಕ್ಕಿ, ಬ್ಲೀಚ್ ಮಾಡಿಯೇ ತಿಳಿಯಾಗಿಸಬಹುದು ಅಂತಲೂ ಹೇಳಿದಳು. ಅದು ಮಾತ್ರ ಕೇಳಬಾರದಿತ್ತು. ಕೊರೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಆಮೇಲೆ ಮೂರು ಕ್ಲಿನಿಕ್ ಸುತ್ತಿದೆ. ಒಂದರಲ್ಲಿ ನಾನು ಬಾಯಿ ತೆರೆಯುವ ಮುಂಚೆಯೇ 'ಸ್ಮೈಲ್ ಡಿಸೈನ್' ಪ್ಯಾಕೇಜಿನ ರೇಟು ಬಂತು. ಇನ್ನೊಂದರಲ್ಲಿ ತೋರಿಸಿದ ಫೋಟೋಗಳಲ್ಲಿ ಬರೀ ತುಟಿ, ಲಿಪ್‌ಸ್ಟಿಕ್, ಹೊಳಪು, ವಸಡೇ ಕಾಣದು. ಮೂರನೆಯವರು ತುಮಕೂರಿನ ಪ್ರಾಸ್ಥೊಡಾಂಟಿಸ್ಟ್. 'ನೀವೇ ಮಾಡಿದ ಹಳೇ ಕೆಲಸ ತೋರಿಸಿ ಡಾಕ್ಟ್ರೇ' ಅಂದೆ. ನಾಲ್ಕು ವರ್ಷ ಹಿಂದಿನ ಕ್ಯಾಪಿನ ಫೋಟೋ ತೆಗೆದರು, ತುಟಿ ಸರಿಸಿ ವಸಡು ಪೂರ್ತಿ ಕಾಣುವಂಥದ್ದು. ಕೇಳದೆಯೇ ತಾವು ಬಿಚ್ಚಿ ಮತ್ತೆ ಮಾಡಬೇಕಾಗಿ ಬಂದ ಒಂದು ಕೇಸನ್ನೂ ತೋರಿಸಿ, ಎಲ್ಲಿ ತಪ್ಪಿತು ಅಂತ ಹೇಳಿದರು. ಅಲ್ಲಿಗೆ ನನ್ನ ಹುಡುಕಾಟ ಮುಗಿಯಿತು.

ಅವರಿಗೆ ಅವಸರವೇ ಇಲ್ಲ. ಹಳೇ ಕ್ಯಾಪ್ ಕತ್ತರಿಸಿ ತೆಗೆದು ತಾತ್ಕಾಲಿಕ ಕ್ಯಾಪ್ ಕೂರಿಸಿದರು. ವಸಡಿನ ರಕ್ತ ನಿಲ್ಲುವವರೆಗೆ ಕೊನೆಯ ಅಳತೆ ತೆಗೆಯಲಿಲ್ಲ. ಶೇಡ್ ನೋಡುವ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕಿಟಕಿ ಹತ್ತಿರ ಕೂರಿಸಿ, ನನ್ನ ಕೆಂಪು ಸೀರೆಯ ಮೇಲೆ ಬೂದು ಬಟ್ಟೆ ಹೊದಿಸಿದರು. ಕೆಲಸಕ್ಕೆ ಕೈಹಾಕುವ ಮೊದಲೇ ಬಣ್ಣ ಹಿಡಿಯಬೇಕಂತೆ, ಒಣಗಿದ ಹಲ್ಲು ಇರುವುದಕ್ಕಿಂತ ಬಿಳಿಯಾಗಿ ಕಾಣುತ್ತದೆ. ಹದಿನಾರು ಶೇಡಿನ ಪಟ್ಟಿಯಲ್ಲಿ ನಾನು ಎಲ್ಲಕ್ಕಿಂತ ಬಿಳಿಯದನ್ನೇ ಮುಟ್ಟಿದೆ. 'ಕೆಳಗಿನ ಹಲ್ಲನ್ನೂ ಸ್ವಲ್ಪ ವಿಚಾರಿಸಿ' ಅಂತ ಕನ್ನಡಿ ಕೊಟ್ಟರು. ಎರಡು ಶೇಡ್ ಇಳಿದೆ.

ತಾತ್ಕಾಲಿಕ ಕ್ಯಾಪಿನಲ್ಲಿ ಐವತ್ತರಿಂದ ಐವತ್ತೊಂಬತ್ತರವರೆಗೆ ಎಣಿಸಲು ಹೇಳಿದರು. 'ವ' ಅಂದಾಗ ಮೇಲಿನ ಹಲ್ಲಿನ ಅಂಚು ಕೆಳತುಟಿಯನ್ನು ಸುಮ್ಮನೆ ಸೋಕಬೇಕು, ಒತ್ತಬಾರದು. ನನಗೆ ಒತ್ತುತ್ತಿತ್ತು. ಕೂದಲೆಳೆಯಷ್ಟು ತಿಕ್ಕಿ, ಮತ್ತೆ ಎಣಿಸಿಸಿದರು. ಅದನ್ನೇ ಹಾಕಿಕೊಂಡು ಮೂರು ವಾರ ಶಾಲೆಯಲ್ಲಿ ಪಾಠ ಮಾಡಿದೆ, ಜೋಳದ ರೊಟ್ಟಿ ತಿಂದೆ. ಸರಿ ಅನ್ನಿಸಿದ ಮೇಲೆಯೇ ಆ ಆಕಾರ ಲ್ಯಾಬಿಗೆ ಹೋಯಿತು.

ಒಳಗೆ ಲೋಹವಿಲ್ಲದ ಜಿರ್ಕೋನಿಯಾ ಕ್ಯಾಪ್ ಬಂದ ದಿನ ಸಿಮೆಂಟ್ ಹಾಕುವ ಮೊದಲು ಸುಮ್ಮನೆ ಕೂರಿಸಿ ಕನ್ನಡಿ ಕೊಟ್ಟರು. ನಾನು ಕನ್ನಡಿ ಪಕ್ಕಕ್ಕಿಟ್ಟು, 'ಫ್ಲಾಸ್ ದಾರ ಇದ್ದರೆ ಕೊಡಿ' ಅಂದೆ. ಡಾಕ್ಟ್ರು ನಕ್ಕು, ಕ್ಯಾಪುಗಳನ್ನು ಬೆರಳಲ್ಲಿ ಒತ್ತಿಹಿಡಿದು ತಾವೇ ದಾರ ತೂರಿಸಿ ಎಳೆದು ನನ್ನ ಕೈಗೆ ಕೊಟ್ಟರು. ಒಂದೆಳೆಯೂ ಬಿಚ್ಚಿರಲಿಲ್ಲ.