ಅಗ್ರೆಸಿವ್ಲಿ: ಯಾವಾಗ ಬೈಗುಳ, ಯಾವಾಗ ಹೊಗಳಿಕೆ?

ಇಂಗ್ಲಿಷ್ ಪೇಪರಲ್ಲಿ ಅಗ್ರೆಸಿವ್ಲಿ ಅಂತ ಕಂಡ್ರೆ ಸಾಕು, ನಮ್ಮಲ್ಲಿ ಎಷ್ಟೋ ಜನ ಕಣ್ಮುಚ್ಕೊಂಡು 'ಆಕ್ರಮಣಕಾರಿಯಾಗಿ' ಅಂತ ಬರೆದುಬಿಡ್ತಾರೆ. ಸಕಲೇಶಪುರದ ಕಡೆ ತೋಟಕ್ಕೆ ನುಗ್ಗಿದ ಆನೆ ಸುದ್ದಿಗೆ ಅದು ಓಕೆ, ಆದ್ರೆ ಆಸ್ಪತ್ರೆ, ಅಂಗಡಿ, ಬ್ಯಾಂಕಿನ ವಿಷ್ಯಕ್ಕೂ ಅದನ್ನೇ ಹಾಕಿದ್ರೆ ಓದೋರು ನಗ್ತಾರೆ.

ಮೊದಲು, ಕೆಲಸ ಮಾಡ್ತಿರೋದು ಯಾರು ನೋಡಿ. ನಾಯಿ, ಆನೆ, ಕುಡಿದು ಜಗಳಕ್ಕೆ ನಿಂತೋನು, ಇವ್ರಿಗಾದ್ರೆ ಅರ್ಥ ನೇರ: ಮೈಮೇಲೆ ಬೀಳೋ ಹಾಗೆ. ಚಾರ್ಮಾಡಿ ಘಾಟಿ ತಿರುವಲ್ಲೂ ಹಾರ್ನ್ ಹೊಡ್ಕೊಂಡು ಓವರ್‌ಟೇಕ್ ಮಾಡೋನು 'ಡ್ರೈವ್ಸ್ ಅಗ್ರೆಸಿವ್ಲಿ', ಇಲ್ಲಿ ಅದು ಬೈಗುಳನೇ.

ಆಮೇಲೆ ಯಾವ ಫೀಲ್ಡ್ ಅಂತ ನೋಡಿ, ಅಸಲಿ ಗೊಂದಲ ಇರೋದೇ ಇಲ್ಲಿ. ಬ್ಯಾಟ್ಸ್‌ಮನ್ ಅಗ್ರೆಸಿವ್ಲಿ ಆಡ್ದ ಅಂದ್ರೆ ಹೊಗಳಿಕೆ, ಬೌಲರ್‌ನ ಬಿಡದೆ ಬಡಿದ ಅಂತ. ಡಾಕ್ಟ್ರು 'ಅಗ್ರೆಸಿವ್ಲಿ ಟ್ರೀಟ್ ಮಾಡ್ಬೇಕು' ಅಂದ್ರೆ ಸಿಟ್ಟು ಬಂದಿದೆ ಅಂತಲ್ಲ, ಕಾಯ್ತಾ ಕೂರದೆ ಶುರುವಿಂದ್ಲೇ ಜೋರಾದ ಟ್ರೀಟ್‌ಮೆಂಟ್ ಕೊಡ್ಬೇಕು ಅಂತ, ಅದೇ ಗಡ್ಡೆ ಅಗ್ರೆಸಿವ್ಲಿ ಬೆಳೀತಿದೆ ಅಂದ್ರೆ ಬೇಗ ಬೇಗ ಹರಡ್ತಿದೆ ಅಂತ. ನಮ್ಮ ಕಾಡಂಚಲ್ಲಿ ಲಂಟಾನ ಬೇರೆ ಗಿಡಗಳನ್ನ ಏಳೋಕೇ ಬಿಡದೆ ಹಬ್ಬುತ್ತಲ್ಲ, ಅದಕ್ಕೂ ಇದೇ ಪದ. ದುಡ್ಡನ್ನ ಅಗ್ರೆಸಿವ್ಲಿ ಇನ್ವೆಸ್ಟ್ ಮಾಡೋದು ಅಂದ್ರೆ ರಿಸ್ಕ್ ಇದ್ರೂ ಪರ್ವಾಗಿಲ್ಲ ಅಂತ ಶೇರುಗಳಿಗೆ ಜಾಸ್ತಿ ಹಾಕೋದು. ಇನ್ನು 'ಅಗ್ರೆಸಿವ್ಲಿ ಪ್ರೈಸ್ಡ್' ಅನ್ನೋದಂತೂ ಮಜಾ, ಓದಿದೋರು ರೇಟು ಸಿಕ್ಕಾಪಟ್ಟೆ ಅನ್ಕೋತಾರೆ, ನಿಜಕ್ಕೂ ಸಾಮಾನ್ಯವಾಗಿ ಅದು ಉಲ್ಟಾ: ಪಕ್ಕದ ಅಂಗಡಿಯೋನ ಗಿರಾಕಿ ಎಳ್ಕೊಳ್ಳೋಕೆ ಬೇಕಂತಲೇ ಇಳಿಸಿಟ್ಟ ರೇಟು.

ಈಗ ವಾಕ್ಯ ಕಟ್ಟೋದು. ಸಾಮಾನ್ಯವಾಗಿ ಕ್ರಿಯಾಪದ ಆದ್ಮೇಲೆ ಇಡಿ: 'ದ ಡಾಗ್ ಬಾರ್ಕ್ಡ್ ಅಗ್ರೆಸಿವ್ಲಿ'. 'ಹಿ ಟಾಕ್ಸ್ ಅಗ್ರೆಸಿವ್' ಅಂತ ನಿಲ್ಲಿಸ್ಬೇಡಿ, ಪರೀಕ್ಷೇಲಿ ಮಾರ್ಕ್ ಹೋಗತ್ತೆ. ಇನ್ನೂ ಜಾಸ್ತಿ ಅನ್ನೋಕೆ ಮುಂದೆ 'ಮೋರ್' ಸೇರಿಸಿದ್ರೆ ಆಯ್ತು. ಸ್ಪೆಲ್ಲಿಂಗಲ್ಲಿ ಜಿ ಎರಡು, ಎಸ್ ಎರಡು. ಹೇಳುವಾಗ ಒತ್ತು 'ಗ್ರೆ' ಮೇಲೆ.

ಕೊನೇದು ರೆಸ್ಯೂಮೆ. ಹಾಸನದಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಿಗೆ ಅರ್ಜಿ ಹಾಕೋ ಮಕ್ಳು ಇದನ್ನ ಎಲ್ಲ ಕಡೆ ತುರುಕ್ತಾರೆ. ಸೇಲ್ಸ್ ಕೆಲಸಕ್ಕೆ 'ಹೊಸ ಗಿರಾಕಿಗಳನ್ನ ಅಗ್ರೆಸಿವ್ಲಿ ಹುಡುಕಿದೆ' ನಡೆಯತ್ತೆ, ಟೀಚರ್ ಅಥವಾ ನರ್ಸ್ ಕೆಲಸಕ್ಕೆ ಬೇಡ ಕಣ್ರೀ. ಅಲ್ಲಿ ಗಟ್ಟಿಯಾಗಿ ಆದ್ರೆ ಮರ್ಯಾದೆಯಿಂದ ಮಾತಾಡ್ತೀನಿ ಅನ್ನೋಕೆ 'ಅಸರ್ಟಿವ್ಲಿ', ಪಟ್ಟು ಬಿಡದೆ ಮಾಡ್ತೀನಿ ಅನ್ನೋಕೆ 'ಪರ್ಸಿಸ್ಟೆಂಟ್ಲಿ' ಹಾಕಿ.