ಚೆಕ್ ಬೌನ್ಸ್ ಕೇಸು: ಪಾಟೀ ಸವಾಲಿಗೆ (ಎದುರು ಸಾಕ್ಷಿಯನ್ನು ಪ್ರಶ್ನಿಸುವುದಕ್ಕೆ) ಮೊದಲು ನಾನು ಮಾಡುವ ಕೆಲಸ

ನಾನು ಆರೋಪಿಗಳ ಪರ ವಾದಿಸುವ ವಕೀಲ. ಮಂಡ್ಯದ ಕಡೆ ಕಲಂ 138ರ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಚೆಕ್ ಬೌನ್ಸ್ ಕಲಂ) ಕೇಸಿಗೆ ಬರುವ ಆರೋಪಿಗಳ ಬಾಯಲ್ಲಿ ಒಂದೇ ಮಾತು: ‘ಸಾರ್, ಚೀಟಿಗೆ ಅಂತ ಖಾಲಿ ಚೆಕ್ಕಿಗೆ ಸೈನ್ ಮಾಡಿ ಕೊಟ್ಟಿದ್ದೆ, ಅವನೇ ತುಂಬಿಕೊಂಡ.’ ನಿಜವೇ ಇರಬಹುದು. ಆದರೆ ಸಹಿ ಒಪ್ಪಿದ ಮೇಲೆ ಮೊತ್ತ ಯಾರು ಬರೆದರೂ ಕಲಂ 139ರ ಪ್ರಿಸಂಪ್ಷನ್ (ಚೆಕ್ ಸಾಲ ತೀರಿಸಲೇ ಕೊಟ್ಟದ್ದು ಎಂದು ಕೋರ್ಟ್ ಮೊದಲೇ ಹಿಡಿಯುವ ಊಹೆ) ಫಿರ್ಯಾದಿಯ ಕಡೆಗೇ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಸಹಿ ಒಪ್ಪಿದ ಕೇಸಿನಲ್ಲಿ ಕೈಬರಹ ತಜ್ಞರಿಗೆ ಕಳಿಸಿ ಎಂಬ ಅರ್ಜಿ ನಾನು ಹಾಕುವುದಿಲ್ಲ. ವಿಚಾರಣೆಯ ವಾಯಿದೆಗಳು ವ್ಯರ್ಥ ಹೋಗುತ್ತವೆ ಅಷ್ಟೆ.

ಮೊದಲು ತಾರೀಕುಗಳನ್ನು ಒಂದು ಹಾಳೆಗೆ ಇಳಿಸುತ್ತೇನೆ. ಚೆಕ್ ವಾಪಸಾಯಿತೆಂಬ ಬ್ಯಾಂಕ್ ಮೆಮೊ ತಿಳಿದ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ ಹಣ ಕಟ್ಟಲು 15 ದಿನ ಗಡುವು, ಆಮೇಲೆ ಒಂದು ತಿಂಗಳೊಳಗೆ ಫಿರ್ಯಾದು. ತಡವಾದರೆ ಕಾರಣ ತೋರಿಸಿ ಮನ್ನಾ ಕೇಳಬಹುದು. 15 ದಿನ ತುಂಬುವ ಮೊದಲೇ ಹಾಕಿದ ಫಿರ್ಯಾದು ನಿಲ್ಲದು. ನೋಟಿಸಿನಲ್ಲಿ ಕೇಳಿದ ಮೊತ್ತ ಚೆಕ್ಕಿನದ್ದೇ ಇರಬೇಕು, ಬಡ್ಡಿ ಖರ್ಚು ಬೇರೆಯಾಗಿ. ಚೆಕ್ ಕೊಟ್ಟ ಮೇಲೆ ಸ್ವಲ್ಪ ಹಣ ಕಟ್ಟಿದ್ದು, ಅದನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಬ್ಯಾಂಕಿಗೆ ಹಾಕಿದ್ದರೆ ಕಲಂ 138 ಅನ್ವಯಿಸದು. ಇದು 2022ರ ತೀರ್ಪು. ಕಟ್ಟಿದ್ದು ಫೋನ್‌ಪೇಯಲ್ಲಾದರೆ ಪ್ರಿಂಟ್ ಜೊತೆ ಸಾಕ್ಷ್ಯ ಅಧಿನಿಯಮದ ಕಲಂ 63ರ ಸರ್ಟಿಫಿಕೇಟ್ (ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ದೃಢೀಕರಣ) ಬೇಕು. ಇದನ್ನು ಮರೆತು ಒಳ್ಳೆಯ ದಾಖಲೆ ಕಳೆದುಕೊಳ್ಳುವವರು ಬಹಳ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವುದು ಚೆಕ್ ನಂಬರು. 2024ರ ತಾರೀಕಿನ ಚೆಕ್ಕಿನ ನಂಬರು 431, ಆದರೆ 430 ಮತ್ತು 432 ಪಾಸಾಗಿರುವುದು 2019ರಲ್ಲಿ ಎಂದಿಟ್ಟುಕೊಳ್ಳಿ. ಹಳೆಯ ಎಲೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಕಕ್ಷಿದಾರರ ಪಾಸ್‌ಬುಕ್ ನೆಚ್ಚಿಕೊಳ್ಳದೆ, ಬ್ಯಾಂಕ್ ದೃಢೀಕರಿಸಿದ ಸ್ಟೇಟ್‌ಮೆಂಟನ್ನೇ ತರಿಸುತ್ತೇನೆ.

ಇನ್ನು ಸಾಲ ಕೊಡುವಷ್ಟು ಹಣ ಫಿರ್ಯಾದಿಗೆ ಎಲ್ಲಿಂದ ಬಂತು ಎಂಬುದು. ‘ಆರು ಲಕ್ಷ ಕೈಸಾಲ ಕೊಟ್ಟೆ, ಕಬ್ಬಿನ ದುಡ್ಡು ಮನೆಯಲ್ಲಿತ್ತು’ ಎನ್ನುತ್ತಾರೆ. ಪಹಣಿ ತರಿಸಿ ಲೆಕ್ಕ ಹಾಕಿ: ಎರಡು ಎಕರೆ, ಎಕರೆಗೆ 40 ಟನ್, ಟನ್ನಿಗೆ 3,000 ಹಿಡಿದರೂ 2.40 ಲಕ್ಷ, ಕಟಾವು, ಸಾಗಣೆ, ಗೊಬ್ಬರ ಇನ್ನೂ ಕಳೆದಿಲ್ಲ. ಕಾರ್ಖಾನೆಗೆ ಹಾಕಿದ್ದರೆ ಬಿಲ್ಲು ಖಾತೆಗೇ ಬಂದಿರುತ್ತದೆ, ತೆಗೆದದ್ದೂ ಕಾಣಬೇಕು. ಆಲೆಮನೆಗೆ ಕೊಟ್ಟೆ ಎಂದರೆ ನಗದು, ಅಲ್ಲಿ ನಮಗೆ ಕಷ್ಟ. ಇಪ್ಪತ್ತು ಸಾವಿರ ಮೀರಿದ ನಗದು ಸಾಲ ಆದಾಯ ತೆರಿಗೆ ಕಾನೂನಿಗೆ ವಿರುದ್ಧ ಎಂಬ ವಾದವೊಂದನ್ನೇ ನೆಚ್ಚಿಕೊಳ್ಳಬೇಡಿ. ಅಷ್ಟರಿಂದಲೇ ಸಾಲ ಅಸಿಂಧುವಾಗುವುದಿಲ್ಲ ಎಂದು 2025ರಲ್ಲಿ ತೀರ್ಪಾಗಿದೆ.

ಪಾಟೀ ಸವಾಲಿನಲ್ಲಿ ಚೆಕ್ಕಿನ ಸುದ್ದಿ ಕೊನೆಗೆ. ಮೊದಲು ಕಸುಬು, ಜಮೀನು, ಇತರ ಸಾಲ, ಆ ವರ್ಷದ ಮದುವೆ ಮುಂಜಿ ಖರ್ಚು. ಆಮೇಲೆ ಹಣ ಕೊಟ್ಟ ದಿನ, ಜಾಗ, ಯಾರಿದ್ದರು. ‘ಭದ್ರತೆಗೆ ಪಡೆದ ಚೆಕ್ ದುರುಪಯೋಗ ಮಾಡಿಕೊಂಡಿದ್ದೇನೆ ಎಂದರೆ ಸರಿಯಲ್ಲ’ ಎಂದು ಫಿರ್ಯಾದಿ ನಮ್ಮ ಸೂಚನೆ ನಿರಾಕರಿಸಿದ ಸಾಲುಗಳು ಎಷ್ಟಿದ್ದರೂ ಅದು ನಮ್ಮ ಸಾಕ್ಷ್ಯವಲ್ಲ. ಬೇಕಿರುವುದು ‘ದಾಖಲೆ ಇಲ್ಲ ಎಂದರೆ ಸರಿ’ ಎಂಬ ಒಂದು ಸಾಲು. ಟೈಪಾಗುವಾಗ ಪರದೆ ನೋಡುತ್ತಿರುತ್ತೇನೆ. ಸಾಕ್ಷಿ ‘ಗೊತ್ತಿಲ್ಲ’ ಎಂದದ್ದು ‘ನೆನಪಿಲ್ಲ’ ಎಂದು ದಾಖಲಾದರೆ, ಸಹಿಯಾಗುವ ಮೊದಲೇ ನ್ಯಾಯಾಧೀಶರ ಗಮನಕ್ಕೆ ತರಬೇಕು.